ಒಡೆದ ಮನೆ, ಕಟ್ಟಿಕೊಂಡ ಮನೆ: ಕಿಶೋರ ಕಾದಂಬರಿಗಳಲ್ಲಿ ಸಂಸಾರದ ಸಂಕಟ ಮತ್ತು ಚೇತರಿಕೆ

ಮನೆಯೊಂದರ ಮೇಲೆ ದೊಡ್ಡ ವಿಪತ್ತು ಬಂದೆರಗಿದಾಗ, ತಂದೆಯೋ ತಾಯಿಯೋ ಅಕಾಲದಲ್ಲಿ ತೀರಿಕೊಂಡಾಗ, ಕುಡಿತವೋ ಸಾಲವೋ ಮನೋರೋಗವೋ ಸಂಸಾರವನ್ನು ಒಳಗಿನಿಂದಲೇ ಕೊರೆಯತೊಡಗಿದಾಗ, ಬಂಧುಬಾಂಧವರು ಬಂದು ಮೊದಲು ಹಿರಿಯರ ಕೈಹಿಡಿದು ಸಮಾಧಾನದ ಮಾತನ್ನಾಡುತ್ತಾರೆ; ಅನಂತರ ಹಸುಳೆಗಳನ್ನು ಎತ್ತಿ ಮಡಿಲಲ್ಲಿ ಕುಳ್ಳಿರಿಸಿಕೊಳ್ಳುತ್ತಾರೆ. ಈ ಇಬ್ಬರ ನಡುವೆ, ಬಾಗಿಲ ಮರೆಯಲ್ಲಿಯೋ ಅಡುಗೆಮನೆಯ ಮೂಲೆಯಲ್ಲಿಯೋ ನಿಂತಿರುವ ಹದಿನಾಲ್ಕು ಹದಿನೈದರ ಮಗನ ಅಥವಾ ಮಗಳ ಕಡೆಗೆ ಯಾರ ದೃಷ್ಟಿಯೂ ಅಷ್ಟಾಗಿ ಹೋಗುವುದಿಲ್ಲ. ಆ ವಯಸ್ಸಿನವರು ಅತ್ತರೆ ‘ಇಷ್ಟು ದೊಡ್ಡವನಾಗಿ ಅಳುವುದೇ’ ಎಂಬ ಮಾತು ಬರುತ್ತದೆ. ಹಿರಿಯರ ಸಮಾಲೋಚನೆಯ ನಡುವೆ ಬಾಯಿ ಹಾಕಿದರೆ ‘ನಿನಗೇಕೆ ದೊಡ್ಡವರ ವಿಷಯ’ ಎಂಬ ಗದರಿಕೆ ಬರುತ್ತದೆ. ಬಾಲ್ಯದ ರಿಯಾಯಿತಿಯೂ ಇಲ್ಲದ, ಪ್ರೌಢಿಮೆಯ ಅಧಿಕಾರವೂ ಇಲ್ಲದ ಆ ಎಳೆಯ ಜೀವವು ತನ್ನ ಪಾಲಿನ ದುಃಖವನ್ನು ತಾನೇ ಹೊತ್ತುಕೊಂಡು, ಅನೇಕ ವೇಳೆ ತನಗಿಂತ ಕಿರಿಯರ ಭಾರವನ್ನೂ ಹೆಗಲಿಗೇರಿಸಿಕೊಂಡು ನಡೆಯಬೇಕಾಗುತ್ತದೆ.

ಇಂಥ ಮಕ್ಕಳನ್ನೇ ಕಥಾನಾಯಕರನ್ನಾಗಿ ಮಾಡಿ, ಅದೇ ವಯಸ್ಸಿನ ಓದುಗರನ್ನು ಎದುರಿಗಿಟ್ಟುಕೊಂಡು ರಚಿಸಿದ ಕಾದಂಬರಿಗಳು ಇಂಗ್ಲಿಷ್ ಭಾಷೆಯಲ್ಲಿ, ವಿಶೇಷವಾಗಿ ಅಮೆರಿಕ ದೇಶದಲ್ಲಿ, ಸುಮಾರು ಅರುವತ್ತು ವರ್ಷಗಳಿಂದ ಒಂದು ಪ್ರತ್ಯೇಕ ಶಾಖೆಯಾಗಿ ಬೆಳೆದು ನಿಂತಿವೆ. ಇವುಗಳಲ್ಲಿ ಸಾಧಾರಣವಾದವು ಬಹಳ, ಸತ್ತ್ವವುಳ್ಳವು ಕೆಲವು. ಆದರೆ ಆ ಕೆಲವನ್ನು ಮನಸ್ಸಿಟ್ಟು ಓದಿದವರಿಗೆ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಕಳೆದುಹೋದದ್ದು ಮರಳಿ ಬರುವುದೇ ಚೇತರಿಕೆಯೆಂದು ಈ ಕಾದಂಬರಿಕಾರರು ಭಾವಿಸಿಲ್ಲ. ಸತ್ತವರು ಸತ್ತೇ ಹೋಗಿದ್ದಾರೆ, ಒಡೆದ ಮನೆ ಒಡೆದೇ ಹೋಗಿದೆ ಎಂಬ ನಿಷ್ಠುರವಾದ ಸತ್ಯವನ್ನು ಒಪ್ಪಿಕೊಂಡ ಮೇಲೆ, ಉಳಿದವರು ದಿನದಿನದ ಸಣ್ಣ ಕೆಲಸಗಳಿಂದ ಇನ್ನೊಂದು ಮನೆಯನ್ನು ಕಟ್ಟಿಕೊಳ್ಳುವ ಪರಿಶ್ರಮವನ್ನೇ ಅವರು ಚೇತರಿಕೆಯೆಂದು ತೋರಿಸಿದ್ದಾರೆ.

ಈ ಶಾಖೆಗೆ ನೆಲವನ್ನು ಹದಮಾಡಿದವರು ಲೇಖಕರಿಗಿಂತ ಮೊದಲು ಗ್ರಂಥಪಾಲಕರು. ಬಾಲ್ಟಿಮೋರ್ ನಗರದ ಇನಾಕ್ ಪ್ರಾಟ್ ಸಾರ್ವಜನಿಕ ಗ್ರಂಥಾಲಯದಲ್ಲಿ ಹದಿಹರೆಯದವರ ವಿಭಾಗವನ್ನು ದಶಕಗಳ ಕಾಲ ನಡೆಸಿದ ಮಾರ್ಗರೆಟ್ ಎಡ್ವರ್ಡ್ಸ್ ಎಂಬ ಮಹಿಳೆಯು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಕುದುರೆಗಾಡಿಯಲ್ಲಿ ಪುಸ್ತಕಗಳನ್ನು ತುಂಬಿಕೊಂಡು ಬಡವರ ಬೀದಿಗಳಿಗೆ ಹೋಗುತ್ತಿದ್ದಳು. ಮಕ್ಕಳ ಪುಸ್ತಕಗಳನ್ನು ದಾಟಿಬಂದ, ದೊಡ್ಡವರ ಪುಸ್ತಕಗಳನ್ನು ಇನ್ನೂ ಮುಟ್ಟದ ಓದುಗರ ಸಮುದಾಯವೊಂದು ಉಂಟೆಂಬುದನ್ನು ಇಂಥವರು ಮೊದಲು ಕಂಡರು. 1957ರಲ್ಲಿ ಅಮೆರಿಕದ ಗ್ರಂಥಾಲಯ ಸಂಘವು ಈ ವಯಸ್ಸಿನವರ ಸೇವೆಗೆಂದೇ ಪ್ರತ್ಯೇಕ ವಿಭಾಗವನ್ನು ಸ್ಥಾಪಿಸಿತು. ಕಪಾಟು ಸಿದ್ಧವಾಯಿತು; ಅದರಲ್ಲಿ ಇಡತಕ್ಕ ಪುಸ್ತಕಗಳು ಮಾತ್ರ ಕಡಮೆಯಿದ್ದುವು. ಶಾಲೆಯ ನೃತ್ಯಕೂಟ, ಕಾಲ್ಚೆಂಡಿನ ಪಂದ್ಯ, ಮೊದಲ ಪ್ರೇಮ ಇವುಗಳ ಸುತ್ತ ಹೆಣೆದ ಸುಖಮಯ ಕಥೆಗಳೇ ಆಗ ಹೆಚ್ಚು.

ಆ ಕೊರತೆಯನ್ನು ತುಂಬಿದ್ದು ಪ್ರೌಢ ಲೇಖಕರ ಕೈಯಲ್ಲ, ಸ್ವತಃ ಒಬ್ಬ ವಿದ್ಯಾರ್ಥಿನಿಯ ಕೈ. ಓಕ್ಲಹೋಮ ರಾಜ್ಯದ ಟಲ್ಸಾ ನಗರದ ಎಸ್. ಇ. ಹಿಂಟನ್ ಎಂಬ ಹುಡುಗಿಯು, ಸಿನಿಮಾ ನೋಡಿ ಮನೆಗೆ ನಡೆದುಹೋಗುತ್ತಿದ್ದ ತನ್ನ ಮಿತ್ರನೊಬ್ಬನನ್ನು ಶ್ರೀಮಂತರ ಮಕ್ಕಳು ಹೊಡೆದುಹಾಕಿದ್ದರಿಂದ ನೊಂದು, ತನ್ನ ಹದಿನೈದನೆಯ ವಯಸ್ಸಿನಲ್ಲಿ ‘ದಿ ಔಟ್‌ಸೈಡರ್ಸ್’ ಎಂಬ ಕಾದಂಬರಿಯನ್ನು ಬರೆಯಲಾರಂಭಿಸಿದಳು. ಅದು 1967ರಲ್ಲಿ ಪ್ರಕಟವಾದಾಗ ಅವಳಿಗೆ ಹದಿನೆಂಟು ವರ್ಷ. ಹುಡುಗರ ಬೀದಿಜಗಳದ ಕಥೆಯನ್ನು ಹುಡುಗಿಯೊಬ್ಬಳು ಬರೆದಿದ್ದಾಳೆಂದರೆ ವಿಮರ್ಶಕರು ಹಗುರವಾಗಿ ಕಂಡಾರೆಂದು ಪ್ರಕಾಶಕರು ಅವಳ ಪೂರ್ಣನಾಮವನ್ನು ಬಿಟ್ಟು ಮೊದಲಕ್ಷರಗಳನ್ನು ಮಾತ್ರ ಅಚ್ಚುಹಾಕಿಸಿದರು.

ಎರಡು ಗುಂಪುಗಳ ವೈರವೇ ಈ ಕಾದಂಬರಿಯ ವಸ್ತುವೆಂದು ಹೇಳುವ ವಾಡಿಕೆಯಿದೆ. ಅದು ಹೊರಗಿನ ಕಥೆ. ಒಳಗಿನದು ಮೂವರು ಅಣ್ಣತಮ್ಮಂದಿರ ಸಂಸಾರದ ಕಥೆ. ಮೋಟಾರು ಅಪಘಾತದಲ್ಲಿ ತಂದೆತಾಯಿಗಳಿಬ್ಬರೂ ಒಟ್ಟಿಗೆ ಸತ್ತಿದ್ದಾರೆ. ಇಪ್ಪತ್ತು ವರ್ಷದ ಹಿರಿಯಣ್ಣ ಡ್ಯಾರಿಯು ಕಾಲೇಜಿನ ಆಸೆಯನ್ನು ಬಿಟ್ಟು ಮನೆಗಳ ಮಾಡು ಹೊದಿಸುವ ಕೆಲಸಕ್ಕೆ ಹೋಗುತ್ತಾನೆ. ಹದಿನಾರರ ಸೋಡಾಪಾಪ್ ಶಾಲೆ ಬಿಟ್ಟು ಪೆಟ್ರೋಲ್ ಬಂಕಿನಲ್ಲಿ ದುಡಿಯುತ್ತಾನೆ. ಹದಿನಾಲ್ಕರ ಪೋನಿಬಾಯ್ ಓದುತ್ತಾನೆ. ಏನಾದರೊಂದು ತಂಟೆಯಾದರೆ ಸರಕಾರದವರು ಕಿರಿಯರಿಬ್ಬರನ್ನೂ ಬಾಲಕರ ಆಶ್ರಮಕ್ಕೆ ಒಯ್ಯುವರೆಂಬ ಭಯವು ಆ ಮನೆಯ ತೊಲೆಗೆ ಕತ್ತಿಯಂತೆ ತೂಗುತ್ತಿದೆ. ಅಣ್ಣನು ತಂದೆಯ ಸ್ಥಾನದಲ್ಲಿ ನಿಂತು ಗದರಿಸುತ್ತಾನೆ. ಆ ಗದರಿಕೆಯ ಹಿಂದೆ ಇರುವುದು ಪ್ರೀತಿಯ ಭಯವೆಂಬುದು ತಮ್ಮನಿಗೆ ತಿಳಿಯುವುದಿಲ್ಲ. ಒಂದು ರಾತ್ರಿ ಅಣ್ಣನು ಕೈಯೆತ್ತಿ ಹೊಡೆಯುತ್ತಾನೆ, ತಮ್ಮನು ಮನೆಬಿಟ್ಟು ಓಡುತ್ತಾನೆ, ಮುಂದಿನ ಅನರ್ಥಗಳೆಲ್ಲವೂ ಆ ಒಂದು ಹೊಡೆತದಿಂದ ಹೊರಡುತ್ತವೆ. ಇಬ್ಬರು ಗೆಳೆಯರ ಮರಣವನ್ನು ಕಂಡು ಮನಸ್ಸು ಮಂಕಾದ ಪೋನಿಬಾಯ್, ಇಂಗ್ಲಿಷ್ ಮೇಷ್ಟ್ರು ಕೊಟ್ಟ ಒಂದು ಪ್ರಬಂಧದ ನೆವದಿಂದ ನಡೆದುದೆಲ್ಲವನ್ನೂ ಬರೆಯಲು ಕುಳಿತಾಗ ಕಾದಂಬರಿಯು ಮುಗಿಯುತ್ತದೆ. ಸತ್ತವರಲ್ಲಿ ಯಾರೂ ಮರಳಲಿಲ್ಲ, ಬಡತನವೂ ತೀರಲಿಲ್ಲ. ಆದರೆ ನಡುವಿನ ಸೋಡಾಪಾಪ್ ಒಮ್ಮೆ ಕಣ್ಣೀರು ಸುರಿಸಿ, ನೀವಿಬ್ಬರೂ ಹೀಗೆ ಎಳೆದಾಡಿದರೆ ನಡುವೆ ನಾನು ಹರಿದುಹೋಗುತ್ತೇನೆಂದು ಬೇಡಿಕೊಂಡ ಮೇಲೆ, ಮೂವರೂ ಜಗಳವನ್ನು ಬಿಟ್ಟು ಬಾಳಲು ಒಪ್ಪುತ್ತಾರೆ. ಆ ಒಪ್ಪಂದವೇ ಅವರಿಗೆ ದೊರೆತ ಮನೆ.

ಹಿಂಟನ್ ತೆರೆದ ದಾರಿಯಲ್ಲಿ ಅನೇಕರು ನಡೆದರು. ಆದರೆ ಈ ವಸ್ತುವಿನ ಆಳವನ್ನು ಸಂಪೂರ್ಣವಾಗಿ ಮುಟ್ಟಿದವಳು, ನನ್ನ ದೃಷ್ಟಿಯಲ್ಲಿ, ಸಿಂಥಿಯಾ ವೋಯ್ಟ್. 1942ರಲ್ಲಿ ಬಾಸ್ಟನ್ ನಗರದಲ್ಲಿ ಹುಟ್ಟಿ, ಮೇರಿಲ್ಯಾಂಡ್ ರಾಜ್ಯದ ಅನಾಪೊಲಿಸ್‌ನಲ್ಲಿ ಶಾಲಾ ಉಪಾಧ್ಯಾಯಿನಿಯಾಗಿದ್ದ ಈಕೆಯು, ಅಂಗಡಿಯೊಂದರ ಹೊರಗೆ ನಿಂತ ಕಾರಿನಲ್ಲಿ ಮಕ್ಕಳು ಕಾಯುತ್ತ ಕುಳಿತಿದ್ದುದನ್ನು ನೋಡಿ, ಇವರನ್ನು ಕರೆದೊಯ್ಯಲು ಯಾರೂ ಬಾರದೆ ಹೋದರೆ ಗತಿಯೇನೆಂದು ಯೋಚಿಸಿದಳಂತೆ. ಆ ಒಂದು ಪ್ರಶ್ನೆಯಿಂದ 1981ರಲ್ಲಿ ‘ಹೋಮ್‌ಕಮಿಂಗ್’ ಎಂಬ ಕಾದಂಬರಿಯೂ, 1982ರಲ್ಲಿ ಅದರ ಮುಂದುವರಿಕೆಯಾದ ‘ಡೈಸೀಸ್ ಸಾಂಗ್’ ಎಂಬುದೂ ಹುಟ್ಟಿದುವು. ಎರಡನೆಯದಕ್ಕೆ 1983ರಲ್ಲಿ ಅಮೆರಿಕದ ಮಕ್ಕಳ ಸಾಹಿತ್ಯದ ಅತ್ಯುನ್ನತ ಗೌರವವಾದ ನ್ಯೂಬೆರಿ ಪದಕವು ದೊರೆಯಿತು. 1989ರ ವೇಳೆಗೆ ಈ ಕಾದಂಬರಿಗಳಲ್ಲಿ ಬರುವ ಟಿಲ್ಲರ್‌ಮನ್ ವಂಶದ ಕಥೆಯು ಏಳು ಕಾದಂಬರಿಗಳಾಗಿ ವಿಸ್ತರಿಸಿತು.

ಕಥಾನಾಯಕಿ ಡೈಸಿಗೆ ಹದಿಮೂರು ವರ್ಷ. ತಮ್ಮ ಜೇಮ್ಸನಿಗೆ ಹತ್ತು, ತಂಗಿ ಮೇಬೆತ್‌ಗೆ ಒಂಬತ್ತು, ಕಿರಿಯ ಸ್ಯಾಮಿಗೆ ಆರು. ತಂದೆಯು ಎಂದೋ ಬಿಟ್ಟುಹೋಗಿದ್ದಾನೆ. ಮಸಾಚುಸೆಟ್ಸಿನ ಪ್ರಾವಿನ್ಸ್‌ಟೌನ್ ಎಂಬ ಕಡಲತೀರದ ಊರಿನಲ್ಲಿ ಅಂಗಡಿಯ ಗಲ್ಲೆಯಲ್ಲಿ ದುಡಿದು ನಾಲ್ವರನ್ನು ಸಾಕುತ್ತಿದ್ದ ತಾಯಿಯು ಬರಬರುತ್ತ ಮಾತು ಕಡಮೆ ಮಾಡಿ, ಶೂನ್ಯವನ್ನು ನೋಡತೊಡಗಿ, ಕೊನೆಗೆ ಒಂದು ದಿನ ಮಕ್ಕಳನ್ನು ಹಳೆಯ ಕಾರಿನಲ್ಲಿ ಕೂರಿಸಿಕೊಂಡು ಬ್ರಿಜ್‌ಪೋರ್ಟ್ ನಗರದಲ್ಲಿದ್ದ ಬಂಧುವಿನ ಮನೆಗೆ ಹೊರಡುತ್ತಾಳೆ. ದಾರಿಯಲ್ಲಿ ಒಂದು ದೊಡ್ಡ ಮಳಿಗೆಯ ಮುಂದೆ ಕಾರನ್ನು ನಿಲ್ಲಿಸಿ, ಅಕ್ಕ ಹೇಳಿದಂತೆ ಕೇಳಿರೆಂದು ಕಿರಿಯರಿಗೆ ಹೇಳಿ ಇಳಿದುಹೋದವಳು ಹಿಂತಿರುಗುವುದಿಲ್ಲ. ಸಂಜೆಯಾಗುತ್ತದೆ, ರಾತ್ರಿಯಾಗುತ್ತದೆ, ಬೆಳಗಾಗುತ್ತದೆ. ಪೊಲೀಸರ ಬಳಿಗೆ ಹೋದರೆ ಒಬ್ಬೊಬ್ಬರನ್ನು ಒಂದೊಂದು ಕಡೆಗೆ ಹಂಚಿಬಿಡುವರೆಂಬ ಅಂಜಿಕೆಯಿಂದ ಡೈಸಿಯು ಒಂದು ನಕ್ಷೆಯನ್ನು ಕೊಂಡು, ಮೂವರನ್ನೂ ನಡೆಸಿಕೊಂಡು ಕಾಲ್ನಡಿಗೆಯಲ್ಲಿ ಬ್ರಿಜ್‌ಪೋರ್ಟಿಗೆ ಹೊರಡುತ್ತಾಳೆ.

ಈ ಭೀತಿಯ ಹಿನ್ನೆಲೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಪೋಷಕರಿಲ್ಲದ ಅಥವಾ ಪೋಷಕರು ಅಸಮರ್ಥರಾದ ಮಕ್ಕಳನ್ನು ಅಮೆರಿಕದಲ್ಲಿ ಸರಕಾರವು ತನ್ನ ವಶಕ್ಕೆ ತೆಗೆದುಕೊಂಡು, ಮಾಸಾಶನ ಪಡೆದು ಸಾಕಲು ಒಪ್ಪುವ ಬೇರೆ ಸಂಸಾರಗಳಿಗೆ ಒಪ್ಪಿಸುವ ಪದ್ಧತಿಯುಂಟು. ಎಷ್ಟೋ ಮಕ್ಕಳಿಗೆ ಇದರಿಂದ ಆಸರೆ ದೊರೆತಿದೆ; ಆದರೆ ನಾಲ್ವರು ಒಡಹುಟ್ಟಿದವರನ್ನು ಒಟ್ಟಿಗೆ ಇರಿಸಿಕೊಳ್ಳುವ ಮನೆ ಸಿಗುವುದು ಸುಲಭವಲ್ಲ. ಆದುದರಿಂದ ಈ ಬಗೆಯ ಕಾದಂಬರಿಗಳಲ್ಲಿ ಹಸಿವಿಗಿಂತಲೂ ಚಳಿಗಿಂತಲೂ ದೊಡ್ಡದಾಗಿ ಕಾಡುವುದು ಅಗಲಿಕೆಯ ಭಯ. ಪೊಲೀಸಿನವನ ಟೊಪ್ಪಿಗೆ ಕಂಡರೆ ಡೈಸಿಯು ಅಡಗಿಕೊಳ್ಳುವುದು ತಪ್ಪು ಮಾಡಿದ್ದರಿಂದಲ್ಲ, ತಮ್ಮ ತಂಗಿಯರನ್ನು ಕಳೆದುಕೊಳ್ಳಲಾರದ್ದರಿಂದ.

ವೋಯ್ಟ್ ಈ ನಡಿಗೆಯನ್ನು ಸಾಹಸಕಥೆಯ ಉತ್ಸಾಹದಿಂದ ಬರೆದಿಲ್ಲ. ದಿನಕ್ಕೆ ಎಷ್ಟು ದೂರ, ಆರು ವರ್ಷದ ಕಾಲು ಎಷ್ಟು ನಡೆದೀತು, ಇರುವ ಹಣದಲ್ಲಿ ಬ್ರೆಡ್ಡು ಕೊಳ್ಳುವುದೋ ಹಣ್ಣು ಕೊಳ್ಳುವುದೋ ಎಂಬ ಲೆಕ್ಕಾಚಾರವೇ ಪುಟಪುಟಕ್ಕೂ ಇದೆ. ಹಸಿದ ಸ್ಯಾಮಿಯು ಅನ್ಯರ ಆಹಾರವನ್ನು ಕದಿಯುತ್ತಾನೆ. ಜಾಣನಾದ ಜೇಮ್ಸನು, ಕರುಣೆಯಿಂದ ಊಟ ಹಾಕಿ ಮಲಗಲು ಸ್ಥಳ ಕೊಟ್ಟ ವಿದ್ಯಾರ್ಥಿಗಳಲ್ಲೊಬ್ಬನ ಹಣವನ್ನೇ ಎತ್ತಿಕೊಳ್ಳುತ್ತಾನೆ. ಕಷ್ಟವು ಮನುಷ್ಯನನ್ನು ತಾನಾಗಿಯೇ ಪುಟವಿಟ್ಟ ಚಿನ್ನವನ್ನಾಗಿ ಮಾಡುವುದೆಂಬ ಸುಲಭವಾದ ಮಾತನ್ನು ಲೇಖಕಿಯು ಆಡುವುದಿಲ್ಲ. ಕಷ್ಟವು ಒಳ್ಳೆಯ ಮಕ್ಕಳನ್ನೂ ಕಳ್ಳರನ್ನಾಗಿ ಮಾಡಬಲ್ಲುದು. ಆಗ ಅವರನ್ನು ಹಿಡಿದು ನಿಲ್ಲಿಸಲು ಒಬ್ಬರು ಬೇಕು. ಆ ಒಬ್ಬರು ಇಲ್ಲಿ ಹದಿಮೂರರ ಅಕ್ಕ.

ಬ್ರಿಜ್‌ಪೋರ್ಟ್ ಸೇರಿದರೆ ಆ ಬಂಧುವು ಸತ್ತಿರುತ್ತಾಳೆ. ಅವಳ ಮಗಳು ಯೂನಿಸ್ ದೈವಭಕ್ತೆ. ಧರ್ಮವೆಂದು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾಳೆ. ಊಟವಿದೆ, ಹಾಸಿಗೆಯಿದೆ, ಶುಚಿಯಾದ ಬಟ್ಟೆಯಿದೆ. ಆದರೆ ತಾವು ಕೃತಜ್ಞರಾಗಿರಬೇಕೆಂಬುದನ್ನು ಪ್ರತಿಕ್ಷಣವೂ ನೆನಪಿನಲ್ಲಿಟ್ಟುಕೊಳ್ಳಬೇಕಾದ ಮನೆ ಅದು. ಅಲ್ಲಿ ಮೇಬೆತ್ ಮಂದಬುದ್ಧಿಯವಳೆಂದೂ ಸ್ಯಾಮಿ ತುಂಟನೆಂದೂ ಹಿರಿಯರು ತೀರ್ಪುಕೊಟ್ಟು, ಅವರನ್ನು ಬೇರೆಡೆಗೆ ಕಳುಹಿಸುವ ಯೋಚನೆಯನ್ನು ಮಾಡುತ್ತಾರೆ. ದಯೆಗೂ ಪ್ರೀತಿಗೂ ಇರುವ ಅಂತರವನ್ನು ಇಷ್ಟು ಸೂಕ್ಷ್ಮವಾಗಿ, ಯಾರನ್ನೂ ದುಷ್ಟರನ್ನಾಗಿ ಮಾಡದೆ ತೋರಿಸಿದ ಪ್ರಕರಣಗಳು ದೊಡ್ಡವರ ಕಾದಂಬರಿಗಳಲ್ಲಿಯೂ ವಿರಳ. ಅಷ್ಟರಲ್ಲಿ ತಾಯಿಯು ಮಾನಸಿಕ ಆಸ್ಪತ್ರೆಯೊಂದರಲ್ಲಿ ಯಾರನ್ನೂ ಗುರುತಿಸದ ಸ್ಥಿತಿಯಲ್ಲಿ ಇರುವಳೆಂದು ತಿಳಿಯುತ್ತದೆ. ತಾಯಿಯ ತಾಯಿಯೊಬ್ಬಳು ಮೇರಿಲ್ಯಾಂಡಿನ ಚೆಸಪೀಕ್ ಕೊಲ್ಲಿಯ ದಂಡೆಯಲ್ಲಿ ಕ್ರಿಸ್‌ಫೀಲ್ಡ್ ಎಂಬ ಊರಿನಲ್ಲಿ ಇರುವಳೆಂದೂ ಗೊತ್ತಾಗುತ್ತದೆ. ಕಿಟಕಿಗಳನ್ನು ತೊಳೆದು ಕೂಡಿಟ್ಟ ಕಾಸಿನಿಂದ ಡೈಸಿಯು ಮತ್ತೆ ಹೊರಡುತ್ತಾಳೆ.

ಅಜ್ಜಿಯ ಮನೆಯೆಂದರೆ ಕನ್ನಡದ ಓದುಗರಿಗೆ ಕಣ್ಣಮುಂದೆ ನಿಲ್ಲುವ ಚಿತ್ರವೇ ಬೇರೆ. ಅಬಿಗೇಲ್ ಟಿಲ್ಲರ್‌ಮನ್ ಅಂಥ ಅಜ್ಜಿಯಲ್ಲ. ಗಂಡನ ಕಠೋರತನವನ್ನು ಮೌನವಾಗಿ ಸಹಿಸಿ, ಮೂವರು ಮಕ್ಕಳಲ್ಲಿ ಒಬ್ಬನು ದೂರವಾಗಿ, ಒಬ್ಬಳು ಮನೆಬಿಟ್ಟು ಹೋಗಿ, ಮತ್ತೊಬ್ಬನು ವಿಯಟ್ನಾಮಿನ ಯುದ್ಧದಲ್ಲಿ ಸತ್ತು, ಪಾಳುಬಿದ್ದ ಹೊಲದ ನಡುವಣ ಮನೆಯಲ್ಲಿ ಒಂಟಿಯಾಗಿ ಬದುಕುತ್ತಿರುವ ಈಕೆಯನ್ನು ಊರಿನವರು ಹುಚ್ಚಿಯೆಂದು ಕರೆಯುತ್ತಾರೆ. ಮಕ್ಕಳು ಬಂದು ನಿಂತಾಗ ನಿಮ್ಮನ್ನು ಇಟ್ಟುಕೊಳ್ಳಲಾರೆನೆಂದು ಖಂಡಿತವಾಗಿ ಹೇಳುತ್ತಾಳೆ. ಮತ್ತೊಮ್ಮೆ ಪ್ರೀತಿಸಿ ಮತ್ತೊಮ್ಮೆ ಕಳೆದುಕೊಳ್ಳುವ ಶಕ್ತಿ ತನಗಿಲ್ಲವೆಂಬುದೇ ಆ ಬಿರುಸಿನ ಮಾತಿನ ಒಳಗುಟ್ಟು. ಮಕ್ಕಳು ವಾದಿಸುವುದಿಲ್ಲ, ಹಬ್ಬಿದ ಬಳ್ಳಿಗಳನ್ನು ಕತ್ತರಿಸುತ್ತಾರೆ, ಮುರಿದುದನ್ನು ರಿಪೇರಿ ಮಾಡುತ್ತಾರೆ, ಒಂದು ಕೆಲಸ ಮುಗಿಯುವುದರೊಳಗೆ ಇನ್ನೊಂದನ್ನು ಹಿಡಿಯುತ್ತಾರೆ. ಹೀಗೆ ಒಂದು ದಿನವಾದ ಮೇಲೆ ಇನ್ನೊಂದು ದಿನ ಉಳಿದು, ಕೊನೆಗೆ ಉಳಿದೇಬಿಡುತ್ತಾರೆ.

ಸಾಮಾನ್ಯ ಲೇಖಕರು ಇಲ್ಲಿಗೆ ಮಂಗಳ ಹಾಡುತ್ತಿದ್ದರು. ವೋಯ್ಟ್‌ಳ ಹಿರಿಮೆಯಿರುವುದು ಇಲ್ಲಿಂದಲೇ ಮುಂದಿನ ಪುಸ್ತಕವನ್ನು ಆರಂಭಿಸಿದ್ದರಲ್ಲಿ. ಅಪಾಯವನ್ನು ದಾಟಿ ಬಂದವರಿಗೆ ದಾಟಿದ ಮೇಲಿನ ಬಾಳು ಸುಲಭವಾಗಿರುವುದಿಲ್ಲ. ಇಷ್ಟು ದಿನ ಮೂವರಿಗೂ ತಾಯಿಯಾಗಿದ್ದ ಡೈಸಿಯು ಈಗ ಮತ್ತೆ ಬಾಲಕಿಯಾಗಿ ಶಾಲೆಯ ಬೆಂಚಿನ ಮೇಲೆ ಕೂರಬೇಕು. ಎಲ್ಲವನ್ನೂ ತಾನೇ ನಿರ್ಧರಿಸುತ್ತಿದ್ದವಳು ಅಜ್ಜಿಗೆ ಅದನ್ನು ಬಿಟ್ಟುಕೊಡಬೇಕು. ಮೇಬೆತ್‌ಗೆ ಓದು ಹತ್ತುವುದಿಲ್ಲ. ಅಜ್ಜಿಯನ್ನು ಹುಚ್ಚಿಯೆಂದವರ ಮೇಲೆ ಸ್ಯಾಮಿಯು ಶಾಲೆಯಲ್ಲಿ ಹೊಡೆದಾಟಕ್ಕೆ ಇಳಿಯುತ್ತಾನೆ. ಮನೆಯಲ್ಲಿ ಹಣವಿಲ್ಲ. ಈ ಒಂದೊಂದು ಕಷ್ಟಕ್ಕೂ ಬರುವ ಪರಿಹಾರವು ಎಷ್ಟು ಚಿಕ್ಕದೋ ಅಷ್ಟೇ ನಂಬತಕ್ಕದ್ದು. ಜೇಮ್ಸನು ಪುಸ್ತಕಗಳನ್ನು ಹುಡುಕಿ ಅಕ್ಷರಗಳ ಧ್ವನಿಯಿಂದ ಓದು ಕಲಿಸುವ ಕ್ರಮವೊಂದನ್ನು ಕಂಡುಕೊಂಡು ತಂಗಿಗೆ ಸಂಜೆಸಂಜೆಯೂ ಪಾಠ ಹೇಳುತ್ತಾನೆ. ಓದಲು ತಡವರಿಸುವ ಆ ಹುಡುಗಿಯ ಕಂಠದಲ್ಲಿ ಅಪೂರ್ವವಾದ ಸಂಗೀತವಿರುವುದನ್ನು ಶಾಲೆಯ ಸಂಗೀತದ ಮೇಷ್ಟ್ರು ಗುರುತಿಸುತ್ತಾನೆ. ಅಜ್ಜಿಯು ತಾನೇ ಶಾಲೆಗೆ ಹೋಗಿ, ಸ್ಯಾಮಿಯ ಸಹಪಾಠಿಗಳೊಡನೆ ನೆಲದಲ್ಲಿ ಕುಳಿತು ಗೋಲಿಯಾಡಿ ಅವರ ಬಾಯಿ ಮುಚ್ಚಿಸುತ್ತಾಳೆ. ಯಾರ ಮುಂದೆಯೂ ಕೈಚಾಚದಿದ್ದ ಆ ಸ್ವಾಭಿಮಾನಿಯು, ಮಕ್ಕಳ ಹೊಟ್ಟೆಗಾಗಿ ಸರಕಾರದ ಸಹಾಯಧನಕ್ಕೆ ಅರ್ಜಿ ಹಾಕುವ ಅವಮಾನವನ್ನೂ ನುಂಗಿಕೊಳ್ಳುತ್ತಾಳೆ. ಕೊಡುವುದರಷ್ಟೇ ಪಡೆಯುವುದೂ ಕಲಿಯಬೇಕಾದ ವಿದ್ಯೆಯೆಂಬುದನ್ನು ಮುದುಕಿಯೂ ಹುಡುಗಿಯೂ ಒಟ್ಟಿಗೆ ಕಲಿಯುತ್ತಾರೆ.

ತಾಯಿಯು ಗುಣವಾಗಿ ಹಿಂತಿರುಗುತ್ತಾಳೆಯೇ? ಓದುಗನು ಅದನ್ನೇ ಬಯಸುತ್ತಾನೆ; ಮಕ್ಕಳೂ ಅದನ್ನೇ ಬಯಸುತ್ತಾರೆ. ಚಳಿಗಾಲದಲ್ಲಿ ಬಾಸ್ಟನ್ನಿನ ಆಸ್ಪತ್ರೆಯಿಂದ ಕರೆ ಬಂದು ಅಜ್ಜಿಯೂ ಡೈಸಿಯೂ ಧಾವಿಸುತ್ತಾರೆ. ತಾಯಿಯು ಕಣ್ಣು ತೆರೆದು ಮಗಳನ್ನು ಗುರುತಿಸದೆಯೇ ಪ್ರಾಣಬಿಡುತ್ತಾಳೆ. ಅವಳ ಬೂದಿಯನ್ನು ಮರದ ಕರಂಡಕವೊಂದರಲ್ಲಿ ಇಟ್ಟುಕೊಂಡು ಬಂದು ಮನೆಯ ಮುಂದಿನ ಹಿಪ್ಪುನೇರಳೆ ಜಾತಿಯ ಮರದ ಬುಡದಲ್ಲಿ ಹೂಳುತ್ತಾರೆ. ಆ ಮೇಲೆ ಅಜ್ಜಿಯು ಅಟ್ಟದಲ್ಲಿದ್ದ ಹಳೆಯ ಚಿತ್ರಗಳ ಪುಸ್ತಕಗಳನ್ನು ಕೆಳಗೆ ತಂದು, ಅಷ್ಟು ವರ್ಷ ಬಾಯಿಬಿಡದಿದ್ದ ತನ್ನ ಮಕ್ಕಳ ಕಥೆಯನ್ನು ಮೊಮ್ಮಕ್ಕಳಿಗೆ ಹೇಳಲು ತೊಡಗುತ್ತಾಳೆ. ತಾಯಿಯು ಬಾರಳೆಂಬುದು ನಿಶ್ಚಯವಾದ ಬಳಿಕವೇ ಆ ಮನೆಯು ನಿಜವಾಗಿ ಅವರದಾಯಿತು. ಇಂಥ ಮುಕ್ತಾಯವನ್ನು ಹದಿಮೂರರ ಓದುಗರ ಕೈಗೆ ಧೈರ್ಯವಾಗಿ ಕೊಟ್ಟಿದ್ದರಲ್ಲಿ ಅವರ ವಿವೇಕದ ಮೇಲೆ ಲೇಖಕಿಗಿದ್ದ ಗೌರವವು ಕಾಣುತ್ತದೆ.

ಇದೇ ಅರಿವು ಬೇರೆ ಬೇರೆ ಕಾದಂಬರಿಗಳಲ್ಲಿ ಬೇರೆ ಬೇರೆ ರೂಪದಲ್ಲಿ ಬಂದಿದೆ. ಕ್ಯಾಥರೀನ್ ಪ್ಯಾಟರ್ಸನ್‌ಳ ‘ದಿ ಗ್ರೇಟ್ ಗಿಲಿ ಹಾಪ್‌ಕಿನ್ಸ್’ 1978ರಲ್ಲಿ ಪ್ರಕಟವಾಯಿತು. ಅದರ ನಾಯಕಿ ಗಿಲಿಗೆ ಹನ್ನೊಂದೇ ವರ್ಷವಾದರೂ ಸಾಕುಮನೆಯಿಂದ ಸಾಕುಮನೆಗೆ ದಾಟಿ ದಾಟಿ ಅವಳ ಮನಸ್ಸಿಗೆ ಮುಪ್ಪು ಬಂದಿದೆ. ಫೋಟೋದಲ್ಲಿ ಮಾತ್ರ ಕಂಡ ಸುಂದರಿಯಾದ ತಾಯಿಯು ಒಂದು ದಿನ ಬಂದು ಕರೆದೊಯ್ಯುವಳೆಂಬ ಕನಸಿನಲ್ಲಿ, ಸ್ಥೂಲಕಾಯದ ಅಶಿಕ್ಷಿತೆಯಾದ ಸಾಕುತಾಯಿ ಟ್ರಾಟರಳನ್ನು ತಿರಸ್ಕರಿಸಿ, ತಾಯಿಗೆ ಸುಳ್ಳುದೂರಿನ ಪತ್ರವನ್ನು ಬರೆಯುತ್ತಾಳೆ. ಆ ಪತ್ರದ ಫಲವಾಗಿ ಇದುವರೆಗೆ ಕಾಣದ ಅಜ್ಜಿಯೊಬ್ಬಳು ಬಂದು ಕರೆದೊಯ್ಯುವ ಹೊತ್ತಿಗೆ, ಟ್ರಾಟರಳ ಮಡಿಲೇ ತನ್ನ ಮನೆಯೆಂದು ಗಿಲಿಗೆ ಅರ್ಥವಾಗಿರುತ್ತದೆ. ಕೊನೆಗೆ ಕಾಣಬಂದ ತಾಯಿಯು ಅಜ್ಜಿಯು ಹಣ ಕೊಟ್ಟಿದ್ದರಿಂದ ಬಂದವಳು. ಆದರೂ ಗಿಲಿಯು ಹಿಂದಕ್ಕೆ ಓಡುವುದಿಲ್ಲ. ಟ್ರಾಟರಳು ಕಲಿಸಿದ ಪ್ರೀತಿಯನ್ನು ಆ ಒಂಟಿ ಅಜ್ಜಿಗೆ ಕೊಡುತ್ತ ಅಲ್ಲಿಯೇ ನಿಲ್ಲುತ್ತಾಳೆ.

ಜೂಡಿ ಬ್ಲೂಮ್ 1981ರಲ್ಲಿ ಬರೆದ ‘ಟೈಗರ್ ಐಸ್’ ಕಾದಂಬರಿಯ ಡೇವಿ, ಅಟ್ಲಾಂಟಿಕ್ ಸಿಟಿಯಲ್ಲಿ ತನ್ನ ತಂದೆಯನ್ನು ಅವನ ಅಂಗಡಿಯಲ್ಲಿಯೇ ದರೋಡೆಕಾರರು ಗುಂಡಿಕ್ಕಿ ಕೊಂದುದರಿಂದ ಕಂಗೆಟ್ಟ ಹದಿನೈದರ ಹುಡುಗಿ. ನ್ಯೂ ಮೆಕ್ಸಿಕೋದ ಲಾಸ್ ಅಲಮೋಸ್ ಎಂಬ, ಅಣುಬಾಂಬು ರೂಪುಗೊಂಡ ಊರಿನಲ್ಲಿ ಬಂಧುಗಳ ಆಶ್ರಯದಲ್ಲಿ ಇರುವಾಗ, ಶಸ್ತ್ರಪ್ರಯೋಗಶಾಲೆಯಲ್ಲಿ ದುಡಿಯುವ ಮಾವನು ಅವಳನ್ನು ಸಣ್ಣಪುಟ್ಟ ಅಪಾಯಗಳಿಂದಲೂ ದೂರವಿಡಲು ಹೆಣಗುತ್ತಾನೆ. ಅಪಾಯವಿಲ್ಲದ ಬಾಳು ಎಲ್ಲಿಯೂ ಇಲ್ಲ, ಹೆದರಿಕೊಂಡೇ ಕೂತರೆ ಬಾಳೇ ಇಲ್ಲ ಎಂಬುದನ್ನು ಅಲ್ಲಿಯ ಕಣಿವೆಯ ಬಂಡೆಗಳನ್ನು ಹತ್ತಿಳಿಯುತ್ತ ಡೇವಿಯು ತಾನಾಗಿಯೇ ಕಂಡುಕೊಳ್ಳುತ್ತಾಳೆ. ತಂದೆಯ ಕೊನೆಯ ರಾತ್ರಿ ತಾನುಟ್ಟಿದ್ದ ರಕ್ತದ ಕಲೆಯ ಬಟ್ಟೆಗಳನ್ನು ಅದುವರೆಗೂ ಬಚ್ಚಿಟ್ಟುಕೊಂಡಿದ್ದವಳು, ಕೊನೆಗೊಂದು ದಿನ ಅವನ್ನು ಗುಹೆಯೊಂದರಲ್ಲಿ ಹೂಳುತ್ತಾಳೆ.

ಇಂಗ್ಲೆಂಡಿನ ‘ಎ ಮಾನ್‌ಸ್ಟರ್ ಕಾಲ್ಸ್’ 2011ರಲ್ಲಿ ಹೊರಬಂತು. ಅದರ ಮೂಲಕಲ್ಪನೆ ಶಿವಾನ್ ಡೌಡ್ ಎಂಬ ಲೇಖಕಿಯದು. ಅವಳು 2007ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡುದರಿಂದ ಪ್ಯಾಟ್ರಿಕ್ ನೆಸ್ ಅದನ್ನು ಬರೆದು ಪೂರ್ಣಗೊಳಿಸಿದನು. ಹದಿಮೂರರ ಕಾನರನ ತಾಯಿಗೂ ಕ್ಯಾನ್ಸರು. ಹಿತ್ತಲಾಚೆಯ ಹಳೆಯ ಯೂ ಮರವು ರಾತ್ರಿಯಲ್ಲಿ ರಾಕ್ಷಸಾಕಾರ ತಾಳಿ ನಡೆದುಬಂದು ಅವನಿಗೆ ಮೂರು ಕಥೆಗಳನ್ನು ಹೇಳಿ, ನಾಲ್ಕನೆಯದಾಗಿ ಅವನ ಸತ್ಯವನ್ನು ಅವನ ಬಾಯಿಂದಲೇ ಕೇಳುತ್ತದೆ. ತಾಯಿಯು ಸಾಯುವುದು ಬೇಡವೆಂದು ಹಂಬಲಿಸುತ್ತಲೇ, ಈ ಕಾಯುವಿಕೆಯ ಯಾತನೆಯೊಮ್ಮೆ ಮುಗಿದುಹೋಗಲಿ ಎಂದು ಮನಸ್ಸಿನ ಆಳದಲ್ಲಿ ಬಯಸಿದ್ದೇ ಆ ಸತ್ಯ. ದೀರ್ಘಕಾಲದ ರೋಗಿಯ ಶುಶ್ರೂಷೆಯಲ್ಲಿ ನವೆದ ಎಷ್ಟೋ ಮನೆಗಳಲ್ಲಿ ಎಷ್ಟೋ ಜನರು ಈ ಬಯಕೆಯನ್ನು ಪಾಪವೆಂದು ತಿಳಿದು ತಮ್ಮನ್ನು ತಾವೇ ಶಿಕ್ಷಿಸಿಕೊಳ್ಳುತ್ತಾರೆ. ಮನಸ್ಸಿನಲ್ಲಿ ಬಂದ ವಿಚಾರಕ್ಕೂ ಕೈಯಿಂದ ಮಾಡುವ ಕೆಲಸಕ್ಕೂ ಭೇದವುಂಟೆಂದು ಆ ಮರವು ಹುಡುಗನಿಗೆ ತಿಳಿಸಿಹೇಳುವ ಭಾಗವು ಇಂದಿನ ಕಿಶೋರ ಸಾಹಿತ್ಯದ ಅತ್ಯಂತ ಕರುಣಾಪೂರ್ಣವಾದ ಭಾಗಗಳಲ್ಲೊಂದು.

ಈ ಕೃತಿಗಳನ್ನು ಒಟ್ಟಿಗೆ ನೋಡಿದರೆ ಚೇತರಿಕೆಯ ಕ್ರಮವೊಂದು ಗೋಚರವಾಗುತ್ತದೆ. ಮೊದಲನೆಯದಾಗಿ, ಅವುಗಳಲ್ಲಿ ಕೈಗೆ ಒಂದು ಕೆಲಸವಿರುತ್ತದೆ. ಡೈಸಿಯು ಕೊಟ್ಟಿಗೆಯಲ್ಲಿ ಸಿಕ್ಕಿದ ಹಳೆಯ ಹಾಯಿದೋಣಿಯ ಬಣ್ಣವನ್ನು ಕೆರೆದು ಕೆರೆದು ಹೊಸದುಮಾಡುತ್ತಾಳೆ, ಮೇಬೆತ್ ಹಾಡುತ್ತಾಳೆ, ಪೋನಿಬಾಯ್ ಬರೆಯುತ್ತಾನೆ. ದುಃಖವನ್ನು ನೇರವಾಗಿ ಎದುರಿಸಲಾರದ ಮನಸ್ಸು ಕೆಲಸದ ಮೂಲಕ ಅದರ ಬಳಿಗೆ ಸ್ವಲ್ಪ ಸ್ವಲ್ಪವಾಗಿ ಹೋಗುತ್ತದೆ. ಎರಡನೆಯದಾಗಿ, ಉಪದೇಶವನ್ನು ಮಾಡದೆ ಜೊತೆಯಲ್ಲಿರುವ ಹಿರಿಯರೊಬ್ಬರು ಇರುತ್ತಾರೆ. ಅವರು ಅಜ್ಜಿಯಾಗಿರಬಹುದು, ಸಾಕುತಾಯಿಯಾಗಿರಬಹುದು, ಸಂಗೀತದ ಮೇಷ್ಟ್ರಾಗಿರಬಹುದು. ಅವರಿಗೂ ತಮ್ಮದೇ ಆದ ಗಾಯವಿರುವುದರಿಂದ ಅವರ ಮಾತು ನಾಟುತ್ತದೆ. ಮೂರನೆಯದಾಗಿ, ಎಷ್ಟೇ ಕಹಿಯಾದರೂ ನಿಜವನ್ನು ಒಮ್ಮೆ ಬಾಯಿಬಿಟ್ಟು ಆಡುವ ಗಳಿಗೆಯೊಂದು ಬರುತ್ತದೆ. ಈ ಮೂರರಲ್ಲಿ ಯಾವುದೊಂದು ಇಲ್ಲದಿದ್ದರೂ ಚೇತರಿಕೆಯು ಕೃತಕವಾಗಿ ತೋರುತ್ತದೆ. ಬಡತನವು ಲಾಟರಿಯಿಂದ ನೀಗುವ, ಕುಡುಕ ತಂದೆಯು ಮಗಳ ಒಂದು ಕಣ್ಣೀರಿನಿಂದ ಸಾಧುವಾಗುವ ಕಥೆಗಳು ಓದುವಾಗ ಹಿತವಾಗಿದ್ದರೂ, ತನ್ನ ಮನೆಯಲ್ಲಿ ಹಾಗೆ ಆಗದ ಓದುಗನಿಗೆ ಅವು ದ್ರೋಹ ಮಾಡುತ್ತವೆ. ನನ್ನ ಕಣ್ಣೀರಿಗೆ ಏಕೆ ಆ ಶಕ್ತಿಯಿಲ್ಲವೆಂದು ಅವನು ತನ್ನನ್ನೇ ನಿಂದಿಸಿಕೊಳ್ಳುವಂತೆ ಮಾಡುತ್ತವೆ.

ಈ ಬಗೆಯ ಸಾಹಿತ್ಯದ ಮೇಲೆ ಆಕ್ಷೇಪಗಳಿಲ್ಲದೆ ಇಲ್ಲ. ‘ದಿ ಔಟ್‌ಸೈಡರ್ಸ್’ ಅನೇಕ ಶಾಲೆಗಳಲ್ಲಿ ಪಾಠವಾಗಿದ್ದಂತೆಯೇ, ಕಪಾಟಿನಿಂದ ತೆಗೆಯಬೇಕೆಂಬ ಒತ್ತಾಯಕ್ಕೂ ಗುರಿಯಾಗಿದೆ. 2011ರಲ್ಲಿ ಅಮೆರಿಕದ ಪ್ರಮುಖ ವೃತ್ತಪತ್ರಿಕೆಯೊಂದರಲ್ಲಿ, ಎಳೆಯರ ಪುಸ್ತಕಗಳೆಲ್ಲ ಹಿಂಸೆ ಮತ್ತು ಕತ್ತಲೆಯಿಂದ ತುಂಬಿಹೋಗಿವೆಯೆಂಬ ಲೇಖನವು ಪ್ರಕಟವಾದಾಗ, ಇಂಥ ಪುಸ್ತಕಗಳೇ ನಮ್ಮನ್ನು ಉಳಿಸಿದುವೆಂದು ಸಾವಿರಾರು ಓದುಗರು ಬಹಿರಂಗವಾಗಿ ಉತ್ತರಿಸಿದರು. ಆಕ್ಷೇಪದಲ್ಲಿ ಸತ್ಯಾಂಶವಿಲ್ಲವೆಂದು ಹೇಳಲಾಗದು. ವಿಪತ್ತಿನ ಮೇಲೆ ವಿಪತ್ತನ್ನು ಪೇರಿಸಿ, ನೋವನ್ನು ಮಾರಾಟದ ಸರಕನ್ನಾಗಿ ಮಾಡಿಕೊಂಡ ಪುಸ್ತಕಗಳು ಖಂಡಿತವಾಗಿಯೂ ಉಂಟು. ಆದರೆ ಕತ್ತಲೆಯಿದೆಯೆಂಬ ಕಾರಣಕ್ಕಾಗಿ ಪುಸ್ತಕವನ್ನು ದೂರವಿಡುವುದು ನ್ಯಾಯವಲ್ಲ. ಮನೆಯಲ್ಲಿ ಕತ್ತಲೆಯನ್ನು ಕಾಣುತ್ತಿರುವ ಮಗುವಿಗೆ ಪುಸ್ತಕವು ಅದನ್ನು ಹೊಸದಾಗಿ ಪರಿಚಯಿಸುವುದಿಲ್ಲ. ಆ ಕತ್ತಲೆಯಲ್ಲಿ ತಾನೊಬ್ಬನೇ ಅಲ್ಲವೆಂದು ತಿಳಿಸುತ್ತದೆ. ಸುಖವಾದ ಮನೆಯಲ್ಲಿ ಬೆಳೆದ ಮಗುವಿಗೆ, ಪಕ್ಕದ ಬೆಂಚಿನ ಸಹಪಾಠಿಯು ಏಕೆ ಸದಾ ತೂಕಡಿಸುತ್ತಾನೆ, ಏಕೆ ಸಿಡುಕುತ್ತಾನೆ ಎಂಬುದನ್ನು ಊಹಿಸುವ ಶಕ್ತಿಯನ್ನು ಕೊಡುತ್ತದೆ. ಎರಡೂ ಸಾಹಿತ್ಯವು ಮಾಡಬೇಕಾದ ಕೆಲಸಗಳೇ.

ಕನ್ನಡದಲ್ಲಿ ಶಿಶುಸಾಹಿತ್ಯದ ಪರಂಪರೆಯು ಸಂಪನ್ನವಾದದ್ದು; ಪಂಜೆಯವರಿಂದಲೂ ರಾಜರತ್ನಂ ಅವರಿಂದಲೂ ಅದು ನಮ್ಮ ಮನೆಮನೆಗಳಿಗೆ ಬಂದಿದೆ. ದೊಡ್ಡವರ ಕಾದಂಬರಿಗಳಲ್ಲಿ ಸಂಸಾರದ ಸಂಕಟಕ್ಕೂ ಕೊರತೆಯಿಲ್ಲ. ಗೃಹಿಣಿಯ ಮನೋರೋಗವನ್ನೂ ಅವಳು ಗುಣವಾದ ಮೇಲೆಯೂ ಸಮಾಜವು ಅವಳನ್ನು ನೋಡುವ ರೀತಿಯನ್ನೂ ತ್ರಿವೇಣಿಯವರು ‘ಶರಪಂಜರ’ದಲ್ಲಿ ಮರೆಯಲಾಗದಂತೆ ಚಿತ್ರಿಸಿದ್ದಾರೆ. ಅಂಥ ತಾಯಿಯ ಹದಿನಾಲ್ಕರ ಮಗಳ ಕಣ್ಣಿನಿಂದ, ಅವಳ ವಯಸ್ಸಿನ ಓದುಗರಿಗಾಗಿಯೇ ಹೇಳಿದ ಕಾದಂಬರಿಗಳು ನಮಗೆ ಇನ್ನೂ ಹೆಚ್ಚಾಗಿ ಬೇಕು. ಸಾಲದ ಹೊರೆಯಿಂದ ತಂದೆಯು ಜೀವ ಕಳೆದುಕೊಂಡ ಹೊಲಮನೆಗಳು, ಮಹಾಮಾರಿಯ ಎರಡು ವರ್ಷಗಳಲ್ಲಿ ಹೆತ್ತವರನ್ನು ಕಳೆದುಕೊಂಡ ಮಕ್ಕಳು, ದುಡಿಮೆಗಾಗಿ ನಗರಕ್ಕೆ ವಲಸೆಹೋದ ತಂದೆತಾಯಿಗಳ ಮಕ್ಕಳನ್ನು ಹಳ್ಳಿಯಲ್ಲಿ ಸಾಕುತ್ತಿರುವ ಅಜ್ಜಿಯರು, ಎಲ್ಲವೂ ನಮ್ಮ ಕಣ್ಣೆದುರಿಗೆ ಇರತಕ್ಕವೇ. ಇವುಗಳನ್ನು ಕುರಿತು ವರದಿಗಳು ಬಂದಿವೆ, ಪರಿಹಾರದ ಆಜ್ಞೆಗಳು ಹೊರಟಿವೆ. ಆದರೆ ಆ ಮನೆಯ ಹುಡುಗನು ರಾತ್ರಿ ಮಲಗಿಕೊಂಡು ಏನನ್ನು ಯೋಚಿಸುತ್ತಾನೆಂಬುದನ್ನು ವರದಿಯು ಹೇಳಲಾರದು. ಕಾದಂಬರಿಯು ಮಾತ್ರ ಹೇಳಬಲ್ಲುದು.

ಆದಕಾರಣ ನಮ್ಮ ಲೇಖಕರಲ್ಲಿ ನನ್ನ ಪ್ರಾರ್ಥನೆಯೇನೆಂದರೆ, ಹದಿಹರೆಯದ ಓದುಗರನ್ನು ನೀತಿಪಾಠದ ಶ್ರೋತೃಗಳೆಂದು ಎಣಿಸದೆ, ದುಃಖವನ್ನು ಬಲ್ಲವರೆಂದು ಗೌರವಿಸಿ ಅವರಿಗಾಗಿ ಬರೆಯಬೇಕು. ಅನುವಾದಕರು ಡೈಸಿಯ ಕಥೆಯಂಥವನ್ನು ಕನ್ನಡಕ್ಕೆ ತರಬೇಕು. ಉಪಾಧ್ಯಾಯರೂ ಗ್ರಂಥಪಾಲಕರೂ ಇಂಥ ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕದೆ, ಮಕ್ಕಳ ಕೈಗೆಟುಕುವ ಸಾಲಿನಲ್ಲಿ ಇರಿಸಬೇಕು. ಕೊಟ್ಟ ಮೇಲೆ ಇದರಿಂದ ಯಾವ ನೀತಿಯನ್ನು ಕ‌ಲಿತೆ ಎಂದು ಕೇಳದಿರಬೇಕು. ಓದಿ ಮುಗಿಸಿದ ಹುಡುಗನೋ ಹುಡುಗಿಯೋ ಪುಸ್ತಕವನ್ನು ಹಿಂತಿರುಗಿಸುವಾಗ ತಡೆದು ನಿಂತು ಏನನ್ನಾದರೂ ಹೇಳಲು ಹೊರಟರೆ, ಆಗ ಕೈಯ ಕೆಲಸವನ್ನು ಬದಿಗಿಟ್ಟು ಪೂರ್ತಿಯಾಗಿ ಕೇಳಬೇಕು.